ಅಜ್ಜಿ ಹೇಳಿದ ಜ್ವರ, ಡಬ್ಬಿಗೆ ಕೇಳಿಸಿದ ಜ್ವರ: ನಾಲ್ಕು ತಿಂಗಳ ರಿವ್ಯೂ

ಮರೆವಿನ ಕಾಯಿಲೆ ಇರುವವರಿಗಾಗಿ ಮಾಡಿದ ಮಾತಾಡುವ ಡಬ್ಬಿಯೊಂದು ನಾಲ್ಕು ತಿಂಗಳಿಂದ ನಮ್ಮ ಮನೆಯಲ್ಲಿದೆ. ಮನೆ ಇರುವುದು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ. ಕಂಪನಿ ಹೆಸರು ಬರೆಯಲ್ಲ. ಇದು ಇನ್ನೂ ಪ್ರಯೋಗ, ಅಂಗಡಿಗೆ ಬಂದಿಲ್ಲ ಅಂತ ಅವರೇ ಹೇಳಿದ್ದಾರೆ, ಈಗಲೇ ಹೆಸರು ಕೆಡಿಸೋದು ಬೇಡ. ಆದರೆ ಇಂಥದ್ದೇ ಒಂದು ನಾಳೆ ನಿಮ್ಮ ಮನೆಗೂ ಬರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿಗೆ 81. ಡಿಮೆನ್ಷಿಯಾ ಅಂತ ಗೊತ್ತಾಗಿ ಎರಡು ವರ್ಷ. ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವಳು. ಬೆಳಗ್ಗೆ ತಿಂದದ್ದು ಮುದ್ದೆಯೋ ದೋಸೆಯೋ ನೆನಪಿಲ್ಲ, ಆದರೆ ಹಣ್ಣಾದ ಹುಳ, ಅಂದರೆ ಗೂಡು ಕಟ್ಟೋಕೆ ತಯಾರಾದದ್ದು, ನೋಡೋಕೆ ಹೇಗಿರುತ್ತೆ ಅಂತ ಕೇಳಿ, ಅರ್ಧ ಗಂಟೆ ಹೇಳುತ್ತಾಳೆ. ಈ ಕಾಯಿಲೆ ಹೆಚ್ಚಾಗಿ ಹೊಸ ನೆನಪನ್ನೇ ಮೊದಲು ತಿನ್ನುತ್ತದೆ. ಮುಸ್ಸಂಜೆ ಆಯಿತೆಂದರೆ ಚಡಪಡಿಕೆ ಶುರು, ಹುಳಕ್ಕೆ ಸೊಪ್ಪು ಹಾಕಬೇಕು ಅಂತ ಎದ್ದು ಬಾಗಿಲಿಗೆ ಹೋಗುತ್ತಾಳೆ. ಹುಳದ ಮನೆ ಕೆಡವಿ ಆರು ವರ್ಷ ಆಯಿತು. ನಾನು ಬೆಂಗಳೂರಿನಲ್ಲಿ, ಅಮ್ಮ ಒಬ್ಬಳೇ ನೋಡಿಕೊಳ್ಳಬೇಕು.

ಡಬ್ಬಿ ಹೊತ್ತು ಹೊತ್ತಿಗೆ ಮಾತ್ರೆ ನೆನಪಿಸುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಅಷ್ಟಕ್ಕೆ ಮೊಬೈಲ್ ಅಲಾರಂ ಸಾಕಿತ್ತು ಅಲ್ವಾ? ನಾನು ಆಸೆಪಟ್ಟದ್ದು ಅದರ ಮಾತಿಗೆ. ಅಜ್ಜಿ ಜೊತೆ ಮಾತಾಡುತ್ತೆ, ಗಾಬರಿಯಾಗುವಂಥದ್ದು ಕೇಳಿಸಿದರೆ ನನ್ನ ಮೊಬೈಲಿಗೆ ಸಂದೇಶ ಕಳಿಸುತ್ತೆ ಅಂದಿದ್ದರು.

ಮೊದಲ ವಾರ ಪೂರ್ತಿ ಫಜೀತಿ. ಅಜ್ಜಿ ಒಂದು ಮಾತು ಹೇಳಿ, ನಿಲ್ಲಿಸಿ, ಉಸಿರು ತಗೊಂಡು, ಆಮೇಲೆ ಮುಂದಿನದು ಹೇಳುವವಳು. ಅಷ್ಟರಲ್ಲಿ ಮಾತು ಮುಗೀತು ಅಂದುಕೊಂಡು ಡಬ್ಬಿ ನಡುವೆ ಬಾಯಿ ಹಾಕುತ್ತಿತ್ತು. ಅಜ್ಜಿಗೆ ಸಿಟ್ಟು. ಅದರ ಮೇಲೆ ನಮ್ಮ ಕಡೆ ಮನೆಮಾತು ತೆಲುಗು, ಹೊರಗೆ ಕನ್ನಡ, ಎರಡೂ ಒಂದೇ ಉಸಿರಿಗೆ ಬರುತ್ತವೆ. ಕಾಯಿಲೆ ಬಂದ ಮೇಲೆ ಅಜ್ಜಿ ತೆಲುಗಿಗೇ ಜಾಸ್ತಿ ಜಾರುತ್ತಿದ್ದಾಳೆ. ಎರಡು ಭಾಷೆಯವರಲ್ಲಿ ಕೆಲವರು ಹೀಗೆ ಮೊದಲು ಕಲಿತ ಭಾಷೆಗೇ ವಾಪಸ್ ಹೋಗುತ್ತಾರಂತೆ, ಡಾಕ್ಟರೂ ಹೇಳಿದರು. ಒಂದು ಸಂಜೆ ‘ಆಕು ವೇಯಾಲ’ ಅಂದಳು, ಸೊಪ್ಪು ಹಾಕಬೇಕು ಅಂತ ಅರ್ಥ. ಡಬ್ಬಿಗೆ ಕೇಳಿಸಿದ್ದು ‘ಹಾಕು’. ‘ಏನು ಹಾಕಬೇಕು ಅಜ್ಜಿ?’ ಅಂತ ಕೇಳಿತು. ತಪ್ಪಾಗಿ ಕೇಳಿಸಿಕೊಂಡು ಸರಿಯಾದ ಪ್ರಶ್ನೆ! ಅವತ್ತು ಅಜ್ಜಿ ಬಾಗಿಲ ಹತ್ತಿರ ಹೋಗಲೇ ಇಲ್ಲ, ಕೂತು ಪೂರ್ತಿ ವಿವರಿಸಿದಳು. ಅಮ್ಮ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಅಡುಗೆ ಮಾಡಿದಳಂತೆ. ಡಬ್ಬಿಯನ್ನು ವಾಪಸ್ ಕಳಿಸದೇ ಇಟ್ಟುಕೊಂಡಿದ್ದು ಆ ಒಂದು ಸಂಜೆಗಾಗಿ.

ಎರಡನೇ ತಿಂಗಳು ರಾತ್ರಿ ಎಂಟಕ್ಕೆ ನನಗೆ ಸಂದೇಶ: ‘ಅಜ್ಜಿಗೆ ಜ್ವರ, ನಾಲ್ಕನೇ ಸಲ.’ ಎದೆ ಧಸಕ್ ಅಂತು. ಅಮ್ಮ ಫೋನ್ ಎತ್ತಲಿಲ್ಲ, ಪಕ್ಕದ ಮನೆ ಅಣ್ಣನಿಗೆ ಹೇಳಿ ಓಡಿಸಿದೆ. ಅಜ್ಜಿ ಆರಾಮಾಗಿ ಕೂತಿದ್ದಳು. ಅವಳು ಹೇಳಿದ್ದು ‘ನಾಲ್ಕನೇ ಜ್ವರ ಎದ್ದೈತೆ, ಸೊಪ್ಪು ಸಾಲ್ದು’ ಅಂತ. ರೇಷ್ಮೆ ಬೆಳೆಯುವವರಿಗೆ ಹೇಳಬೇಕಿಲ್ಲ, ಹುಳ ಪೊರೆ ಬಿಡೋಕೆ ಮೇವು ನಿಲ್ಲಿಸಿ ಕೂರುವುದನ್ನೇ ಜ್ವರ ಅನ್ನುವುದು. ಹಾಗೆ ನಾಲ್ಕು ಸಲ ಕೂರುತ್ತೆ, ನಾಲ್ಕನೆಯದು ಎದ್ದ ಮೇಲೆ ತಿನ್ನುವುದೂ ಜಾಸ್ತಿ. ಏಸಿ ರೂಮಿನಲ್ಲಿ ಕೂತು ಡಬ್ಬಿ ಮಾಡಿದ ಹುಡುಗರಿಗೆ ಇದು ಹೇಗೆ ಗೊತ್ತಾಗಬೇಕು?

ಈಗ ದುಡ್ಡಿನ ವಿಷಯ. ಠೇವಣಿ 2,000, ತಿಂಗಳಿಗೆ 300. ‘ಆರಂಭದ ಸಂಶೋಧನೆಗೆ ನಿಮ್ಮ ಬೆಂಬಲ’ ಅಂತ ರಸೀದಿಯಲ್ಲಿ ಬರೆದಿತ್ತು. ನನಗೆ ಉರಿದುಹೋಯಿತು. ವಸ್ತು ಮಾರುತ್ತಿದ್ದೀರಾ, ದುಡ್ಡು ತಗೊಳ್ಳಿ. ಪ್ರಯೋಗ ಮಾಡುತ್ತಿದ್ದೀರಾ, ಅಜ್ಜಿ ಮಾತೇ ನಿಮಗೆ ಸಿಗುತ್ತಿದೆ, ಅದರ ಮೇಲೆ ಕಾಸು ಬೇರೆನಾ? ಸಂಶೋಧನೆಯ ಖರ್ಚನ್ನು ಅದರಲ್ಲಿ ಭಾಗವಹಿಸುವವರ ಮೇಲೆ ಹಾಕಬಾರದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಇದೆ. ಇದನ್ನು ಬರೆದು ಕಳಿಸಿದ ಮೇಲೆ ತಿಂಗಳ ಬಾಡಿಗೆ ಬಿಟ್ಟರು. ಒಪ್ಪಿಗೆ ಪತ್ರ 11 ಪುಟ, ಪೂರ್ತಿ ಇಂಗ್ಲಿಷ್, ಅಮ್ಮ ಸುಮ್ನೆ ಸಹಿ ಹಾಕಿದ್ದಳು. ಡಬ್ಬಿಗೆ ಅಜ್ಜಿ ಮಾತಷ್ಟೇ ಅಲ್ಲ, ಮನೆಯ ಜಗಳವೂ ಕೇಳಿಸುತ್ತೆ ಅಂತ ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಈಗ ಊಟದ ಹೊತ್ತಿಗೆ ಸ್ವಿಚ್ ಆಫ್.

ಇಷ್ಟಾದರೂ ಯಾಕೆ ಇಟ್ಟುಕೊಂಡಿದ್ದೀಯ ಅಂತ ತಂಗಿ ಕೇಳಿದಳು. 2023ರಲ್ಲಿ ಬಂದ ಲೆಕ್ಕದ ಪ್ರಕಾರ 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಜನಕ್ಕೆ ಡಿಮೆನ್ಷಿಯಾ ಇದೆ, ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಅಂದರೆ ನಮ್ಮ ಅಜ್ಜಿಯಂಥವರೇ. ಅವರ ಮಾತು ಒಳಗೆ ಹೋಗದಿದ್ದರೆ ಈ ಡಬ್ಬಿಗಳು ಕೊನೆವರೆಗೂ ಬೆಂಗಳೂರಿನ ಕನ್ನಡವನ್ನೇ ಕೇಳುತ್ತಿರುತ್ತವೆ. ಚಿಂತಾಮಣಿ ದಾಟಿದರೆ ಶ್ರೀನಿವಾಸಪುರ, ಅಲ್ಲಿನ ಹಳ್ಳಿಗಳಲ್ಲಿ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ 45 ದಾಟಿದವರ ನೆನಪು, ರಕ್ತ, ಮಿದುಳಿನ ಸ್ಕ್ಯಾನ್ ಎಲ್ಲ ನೋಡುತ್ತಾ ಬಂದಿದ್ದಾರೆ, ಗುರಿ 10,000 ಜನ. ಹೊಲದ ಕೆಲಸ ಬಿಟ್ಟು ಅದಕ್ಕೆ ಬರುವವರಿದ್ದಾರೆ. ನಾವು ಒಂದು ಡಬ್ಬಿಗೆ ಜಾಗ ಕೊಡೋದು ದೊಡ್ಡದೇನಲ್ಲ.

ಐದಕ್ಕೆ ಎರಡೂವರೆ ಸ್ಟಾರ್. ನೆಟ್ ಹೋದರೆ ಡಬ್ಬಿ ಮೂಕ, ಅದಕ್ಕೆ ಅರ್ಧ ಕಳೆದಿದ್ದೇನೆ. ತಗೊಳ್ಳುವವರು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ, ಕೊಡದಿದ್ದರೆ ಡಬ್ಬಿ ಬೇಡ ಅನ್ನಿ.

ಜ್ವರದ ವಿಷಯ ಫೋನ್ ಮಾಡಿ ಹೇಳಿದ್ದೆ, ಸರಿಮಾಡಿದರು. ಹೋದ ವಾರ ಅಜ್ಜಿ ‘ಜ್ವರ ಬಂದೈತೆ ಕಣಮ್ಮ’ ಅಂದಳಂತೆ. ಡಬ್ಬಿ ಬಹಳ ಖುಷಿಯಿಂದ ‘ಎಷ್ಟನೇ ಜ್ವರ ಅಜ್ಜಿ? ಸೊಪ್ಪು ಇದೆಯಾ?’ ಅಂತ ಕೇಳಿದೆ. ಅಮ್ಮ ಬಂದು ಹಣೆ ಮುಟ್ಟಿ ನೋಡಿದರೆ ಮೈ ಕಾದ ಹೆಂಚು.