ವೀಸಾ ಸ್ಲಾಟ್ ಕೊಡಿಸ್ತೀವಿ ಅನ್ನುವವರ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ

ನಿಮ್ಮ ಮನೆಯ ಮಕ್ಕಳು ಯಾರಾದರೂ ಈ ಬೇಸಿಗೆ ಮುಗಿಸಿಕೊಂಡು ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೊರಟಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅವನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಎಕ್ಸ್‌ಚೇಂಜ್‌ಗೆ ಆಯ್ಕೆಯಾಗಿ, ಮೇ ತಿಂಗಳಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು. ಅದಕ್ಕೂ ಮೊದಲು ಸೆಪ್ಟೆಂಬರ್‌ನಲ್ಲಿ ಜರ್ಮನ್ ಭಾಷೆಯ ತರಗತಿ. ಅಷ್ಟು ದಿನ ಇರುವುದಕ್ಕೆ ಟೂರಿಸ್ಟ್ ವೀಸಾ ಸಾಲದು, ಯಾಕೆಂದರೆ ಅದರಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಅದಕ್ಕಿಂತ ಹೆಚ್ಚು ದಿನ ಇರಲು ಕೊಡುವ ನ್ಯಾಷನಲ್ ವೀಸಾನೇ ಬೇಕು. ಅವನು ನೋಡಿದಾಗಲೆಲ್ಲ ಅರ್ಜಿ ಕೊಡುವ ಅಪಾಯಿಂಟ್‌ಮೆಂಟ್ ದಿನಾಂಕ, ಅಂದರೆ ಸ್ಲಾಟ್, ಖಾಲಿ ಇರುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗಾಬರಿ.

ಆಗ ಸಿಕ್ಕಿದ್ದು ಒಂದು ಕನ್ಸಲ್ಟೆನ್ಸಿ. ತಮ್ಮನ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ನಂಬರ್ ಹಾಕಿದ್ದರು. ಎಸಿ ಆಫೀಸು, ಗೋಡೆ ತುಂಬ ವಿದೇಶಕ್ಕೆ ಹೋದ ಮಕ್ಕಳ ಫೋಟೋ, ನಗುನಗುತ್ತಾ ಮಾತಾಡುವ ಹುಡುಗಿ. ಸ್ಲಾಟ್‌ಗೆ 18,000 ರೂಪಾಯಿ ಅಂದರು. ಪರಿಶೀಲನೆಗೆ ಬೇಕು ಅಂತ ಒರಿಜಿನಲ್ ಪಾಸ್‌ಪೋರ್ಟ್ ತಗೊಂಡರು. ತಮ್ಮನ ಹೆಸರಿನಲ್ಲಿ ಒಂದು ಹೊಸ ಇಮೇಲ್ ಮಾಡಿ, ಪಾಸ್‌ವರ್ಡ್ ತಾವೇ ಇಟ್ಟುಕೊಂಡರು. ರಸೀದಿ ಕೇಳಿದರೆ, ಆಮೇಲೆ ಕಳಿಸ್ತೀವಿ ಅಂದರು.

ಇಲ್ಲಿ ಒಂದು ವಿಷಯ ತಿಳಿದಿರಲಿ. ಅಪಾಯಿಂಟ್‌ಮೆಂಟ್ ಹಿಡಿಯುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನ್ಯಾಷನಲ್ ವೀಸಾಕ್ಕೆ ಶುಲ್ಕ 75 ಯೂರೋ, ಅದರ ಮೇಲೆ ಅರ್ಜಿ ತಗೊಳ್ಳುವ ಕೇಂದ್ರದ ಸೇವಾ ಶುಲ್ಕ, ಅಷ್ಟೇ. ಏಜೆಂಟರು ಇದ್ದಬದ್ದ ದಿನಾಂಕಗಳನ್ನು ಮೊದಲೇ ಹಿಡಿದಿಟ್ಟುಕೊಂಡು ಮಾರುತ್ತಾರೆ. ನಮಗೆ ಖಾಲಿ ಸಿಗದಿರುವುದಕ್ಕೆ ಅದೂ ಒಂದು ಕಾರಣ.

ಮುಂದಿನ ಗಾಳ ಬ್ಲಾಕ್ಡ್ ಅಕೌಂಟ್. ಜರ್ಮನಿಯಲ್ಲಿ ಇರುವಷ್ಟು ದಿನದ ಖರ್ಚಿಗೆ ದುಡ್ಡಿದೆ ಅಂತ ತೋರಿಸಲು ಮೊದಲೇ ದುಡ್ಡು ಹಾಕಿಟ್ಟು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆ ಅದು. ಆ ಹೊತ್ತಿಗೆ ಲೆಕ್ಕ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಆರು ತಿಂಗಳಿಗೆ ಹತ್ತಿರ ಹತ್ತಿರ 6 ಲಕ್ಷ ರೂಪಾಯಿ. ಅದನ್ನು ಕನ್ಸಲ್ಟೆನ್ಸಿಯ ಕರೆಂಟ್ ಅಕೌಂಟಿಗೆ ಹಾಕಿ, ಒಳ್ಳೆ ರೇಟಿನಲ್ಲಿ ನಾವೇ ಕಳಿಸ್ತೀವಿ ಅಂದರು. ನಮ್ಮಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು. ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಅಕೌಂಟು ಮಗನ ಹೆಸರಲ್ಲಿ ತಾನೇ ಸ್ವಾಮಿ? ಹಾಗಿದ್ಮೇಲೆ ದುಡ್ಡು ನಿಮ್ಮ ಹೆಸರಿಗೆ ಯಾಕೆ?" ಆ ಕಡೆಯಿಂದ ಉತ್ತರ ಬರಲಿಲ್ಲ. ಬ್ಲಾಕ್ಡ್ ಅಕೌಂಟ್ ತೆರೆಯುವುದು ವಿದ್ಯಾರ್ಥಿಯ ಹೆಸರಿನಲ್ಲೇ. ದುಡ್ಡು ನಿಮ್ಮ ಬ್ಯಾಂಕಿನಿಂದ ನೇರವಾಗಿ ಅಲ್ಲಿಗೇ ಹೋಗಬೇಕು. ಮಧ್ಯೆ ಇನ್ನೊಬ್ಬರ ಅಕೌಂಟಿಗೆ ಕೆಲಸವೇ ಇಲ್ಲ.

ದುಡ್ಡು ಹಾಕಲ್ಲ ಅಂದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ಬೇಕಾದರೆ ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲೇ ಸ್ಟೂಡೆಂಟ್ ವೀಸಾ ಮಾಡಿಸಿಕೊಳ್ಳಲಿ ಅಂದರು. ಅದು ಶುದ್ಧ ಸುಳ್ಳು. ಭಾರತದ ಪಾಸ್‌ಪೋರ್ಟ್ ಇರುವವರು ಓದಲು ಹೋಗಬೇಕಾದರೆ ಆ ವೀಸಾ ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು. ಇದನ್ನೂ ಒಪ್ಪದಿದ್ದಾಗ, ಪಾಸ್‌ಪೋರ್ಟ್ ವಾಪಸ್ ಬೇಕಾದರೆ 25,000 ಕ್ಯಾನ್ಸಲೇಷನ್ ಚಾರ್ಜ್ ಕಟ್ಟಿ ಅಂದರು. ಜುಲೈ ಅರ್ಧ ಕಳೆದಿತ್ತು.

ಯಾರದ್ದೇ ಆಗಲಿ, ಪಾಸ್‌ಪೋರ್ಟ್ ಇನ್ನೊಬ್ಬರು ಒತ್ತೆ ಇಟ್ಟುಕೊಳ್ಳುವ ವಸ್ತು ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಪಾಸ್‌ಪೋರ್ಟಿನ ಒಳಗೂ ಹಾಗಂತ ಅಚ್ಚಾಗಿದೆ. ನಾನೂ ತಮ್ಮನೂ ಆ ಏರಿಯಾದ ಪೊಲೀಸ್ ಠಾಣೆಗೆ ಹೋಗಿ ಇಷ್ಟನ್ನೂ ಬರೆದು ದೂರು ಕೊಟ್ಟೆವು. ಠಾಣೆಯಿಂದ ಒಂದು ಫೋನ್ ಹೋಯಿತು. ಅವತ್ತೇ ಸಂಜೆ ಪಾಸ್‌ಪೋರ್ಟೂ ಫೈಲೂ ವಾಪಸ್ ಬಂದವು.

ಮನೆಗೆ ಬಂದು ಫೈಲ್ ಬಿಚ್ಚಿದಾಗ ನನ್ನ ಕೈಕಾಲು ತಣ್ಣಗಾಯಿತು. ಒಳಗೆ ಅಪ್ಪನ ಹೆಸರಿನಲ್ಲಿ ಒಂದು ಸಂಬಳದ ಸರ್ಟಿಫಿಕೇಟ್ ಇತ್ತು. ಪೀಣ್ಯದ ಯಾವುದೋ ಕಂಪನಿ, ಸೀನಿಯರ್ ಮ್ಯಾನೇಜರ್ ಹುದ್ದೆ, ನೀಲಿ ಸೀಲು. ಕೆಳಗೆ ಇಂಗ್ಲಿಷಿನಲ್ಲಿ ಅಪ್ಪನ ಸಹಿ. ಅಪ್ಪ ಇವತ್ತಿನವರೆಗೆ ಒಂದು ದಿನವೂ ಸಂಬಳಕ್ಕೆ ದುಡಿದವರಲ್ಲ, ಸಹಿ ಮಾಡುವುದು ಕನ್ನಡದಲ್ಲೇ. ಈ ಕಾಗದ ನಮ್ಮ ಗಮನಕ್ಕೇ ಬಾರದೆ ಅರ್ಜಿಯ ಜೊತೆ ಹೋಗುತ್ತಿತ್ತು. ಸಿಕ್ಕಿಬಿದ್ದರೆ ಹಾಳಾಗುವುದು ಏಜೆಂಟನ ಹೆಸರಲ್ಲ, ನನ್ನ ತಮ್ಮನ ಹೆಸರು. ಮೊದಲೆಲ್ಲ ವೀಸಾ ತಿರಸ್ಕಾರವಾದರೆ ದೂತಾವಾಸಕ್ಕೇ ಮರುಪರಿಶೀಲನೆಗೆ ಬರೆಯಬಹುದಿತ್ತು. 2025ರ ಜುಲೈ 1ರಿಂದ ಜರ್ಮನಿ ಆ ದಾರಿಯನ್ನು ಮುಚ್ಚಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನ ಕೋರ್ಟಿಗೆ ಹೋಗಬೇಕು. ಓದುವ ಮಕ್ಕಳಿಂದ ಅದೆಲ್ಲ ಆಗುತ್ತಾ?

ಆಮೇಲೆ ತಮ್ಮ ತಾನೇ ಕೂತು, ಆನ್‌ಲೈನ್‌ನಲ್ಲಿ ವೀಸಾ ಅರ್ಜಿ ಹಾಕುವ ಜರ್ಮನಿ ಸರ್ಕಾರದ ವೆಬ್‌ಸೈಟ್ ಆದ ಕಾನ್ಸುಲರ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಿದ. 2025ರಿಂದ ಈ ಸೌಲಭ್ಯ ನಮ್ಮಲ್ಲೂ ಇದೆ. ಎಲ್ಲ ದಾಖಲೆಯನ್ನೂ ಅಲ್ಲೇ ಅಪ್‌ಲೋಡ್ ಮಾಡಬಹುದು. ಏಜೆಂಟರಿಗೆ ಗೊತ್ತಿರುವ ಗುಟ್ಟು ಅಂತ ಅದರಲ್ಲಿ ಏನೂ ಇಲ್ಲ. ವೀಸಾ ಬಂತು, ಆದರೆ ತಡವಾಗಿ. ಭಾಷೆಯ ತರಗತಿ ತಪ್ಪಿತು. ಹಾಸ್ಟೆಲ್ ರೂಮು ಬೇರೆಯವರ ಪಾಲಾಯಿತು, ಹೊರಗೆ ಜಾಸ್ತಿ ಬಾಡಿಗೆ ಕೊಟ್ಟು ಇರಬೇಕಾಯಿತು. 18,000 ಇನ್ನೂ ವಾಪಸ್ ಬಂದಿಲ್ಲ.

ನೀವು ಈಗಾಗಲೇ ಯಾರಿಗಾದರೂ ಪಾಸ್‌ಪೋರ್ಟ್ ಕೊಟ್ಟಿದ್ದರೆ ನಾಳೆಗೆ ಮುಂದೂಡಬೇಡಿ. ಅವರ ಜೊತೆಗಿನ ಚಾಟ್, ದುಡ್ಡು ಕಳಿಸಿದ ಯುಪಿಐ ಸ್ಕ್ರೀನ್‌ಶಾಟ್ ಎಲ್ಲ ಪ್ರಿಂಟ್ ತಗೊಳ್ಳಿ. ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಫೈಲ್ ವಾಪಸ್ ಸಿಕ್ಕ ಮೇಲೆ ಒಂದೊಂದು ಹಾಳೆಯನ್ನೂ ಅಪ್ಪ ಅಮ್ಮನ ಜೊತೆ ಕೂತು ಓದಿ. ಅವರಿಗೆ ಗೊತ್ತಿಲ್ಲದ ಸಹಿ ಒಂದೇ ಒಂದು ಇದ್ದರೂ ಆ ಕಾಗದವನ್ನು ಅರ್ಜಿಗೆ ಸೇರಿಸಬೇಡಿ, ಪೊಲೀಸರಿಗೆ ತೋರಿಸಿ.