ವಾಕರ್ ಚೆನ್ನಾಗಿದೆ, ಅದರ ಕಾಲಿನ ತುದಿಯ ರಬ್ಬರ್ ಬುಶ್ ಕಥೆ ಬೇರೆ: 14 ತಿಂಗಳು ಬಳಸಿದ ಮೇಲೆ

ನಮ್ಮತ್ತೆಗೆ 76. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿ ಬಾಲ್ ಹಾಕಿದರು. ಅವರು ಮನೆಗೆ ಬರುವ ಹಿಂದಿನ ದಿನ ತುಮಕೂರಿನ ಒಂದು ಸರ್ಜಿಕಲ್ ಅಂಗಡಿಯಲ್ಲಿ ನಾನೇ ಈ ವಾಕರ್ ತಂದೆ. ಮಡಚುವಂಥದ್ದು, ಚಕ್ರ ಇಲ್ಲ, 1,450 ರೂಪಾಯಿ. ಉಳಿದದ್ದು ಡಬ್ಬದ ಮೇಲೇ ಇರುತ್ತದೆ, ಓದಿಕೊಳ್ಳಿ.

ಅಂಗಡಿಯಲ್ಲಿ ಇದ್ದ ಎತ್ತರಕ್ಕೇ ತಂದು ಕೊಟ್ಟಿದ್ದೆ. ಅತ್ತೆ ಭುಜ ಕಿವಿಗೆ ಏರಿಸಿಕೊಂಡು ನಡೆಯುತ್ತಿದ್ದರು. ಫಿಸಿಯೋ ಹುಡುಗ ಬಂದು ನೋಡಿ ನಕ್ಕ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕಂತೆ. ನಾಲ್ಕೂ ಕಾಲಿನ ಗುಂಡಿ ಒತ್ತಿ ಎರಡೆರಡು ತೂತು ಕೆಳಗಿಳಿಸಿದ. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೇ ಕಾಲು ಅಂತ ಹೇಳಿಕೊಟ್ಟ. ಅತ್ತೆ ಅದನ್ನು ಕೋಲಾಟದ ಪದದ ಹಾಗೆ ಬಾಯಲ್ಲಿ ಹೇಳಿಕೊಂಡೇ ಹೆಜ್ಜೆ ಇಡುತ್ತಿದ್ದರು.

ಬೆಳಿಗ್ಗೆ ಆರಕ್ಕೆ ಹೂವು ಬಿಡಿಸುವುದು ಅವರ ಕೆಲಸ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಹಳೇ ಸೀರೆಯ ಸೆರಗಿನಲ್ಲಿ ನಾನೊಂದು ಚೀಲ ಹೊಲಿದು ವಾಕರ್‌ಗೆ ಕಟ್ಟಿದ್ದೇನೆ. ಅದರಲ್ಲಿ ಫೋನು, ಟಾರ್ಚು, ಎಲೆ ಅಡಿಕೆ ಸಂಚಿ. ದಾಸವಾಳ, ನಂದಿಬಟ್ಟಲು ಅದೇ ಚೀಲದ ಬಾಯಲ್ಲಿ ಕೂರುತ್ತವೆ. ಒಮ್ಮೆ ಎರಡು ತೆಂಗಿನಕಾಯಿ ಹಾಕಿದ್ದರು, ವಾಕರ್ ಮುಂದಕ್ಕೆ ವಾಲಿತು. ಅಂದಿನಿಂದ ತೂಕದ್ದು ಏನೂ ಹಾಕಬಾರದು ಅಂತ ತಾಕೀತು ಮಾಡಿದ್ದೇನೆ. ಹೊಸ್ತಿಲು ದಾಟುವಾಗ ವಾಕರಿನ ನಾಲ್ಕೂ ಕಾಲು ಆಚೆ ಹೋಗಬೇಕು. ಎರಡು ಒಳಗೆ ಎರಡು ಹೊರಗೆ ಇಟ್ಟರೆ ಅಲ್ಲಾಡುತ್ತದೆ. ಅತ್ತೆ ಹೇಗೂ ಹೊಸ್ತಿಲು ತುಳಿಯುವವರಲ್ಲ, ಹಾಗಾಗಿ ಇದೊಂದನ್ನು ಬೇಗ ಕಲಿತರು.

ನಾಲ್ಕನೇ ತಿಂಗಳಿಂದ ವಾಕರ್ ಟಕ್ ಟಕ್ ಅನ್ನತೊಡಗಿತು. ನಮಗೆ ಖುಷಿಯೇ. ರಾತ್ರಿ ಆ ಸದ್ದು ಕೇಳಿದರೆ ಅತ್ತೆ ಎದ್ದಿದ್ದಾರೆ ಅಂತ ಗೊತ್ತಾಗುತ್ತಿತ್ತು, ಎದ್ದು ಜೊತೆಗೆ ಹೋಗುತ್ತಿದ್ದೆವು. ಒಂದು ದಿನ ನೆಲ ಒರೆಸಿ ಇನ್ನೂ ಆರಿರಲಿಲ್ಲ, ವಾಕರಿನ ಒಂದು ಕಾಲು ಸರ್ರನೆ ಜಾರಿತು. ನಮ್ಮ ಯಜಮಾನರು ಪಕ್ಕದಲ್ಲೇ ಇದ್ದರು, ಹಿಡಿದುಕೊಂಡರು. ತಿರುಗಿಸಿ ನೋಡಿದರೆ ರಬ್ಬರ್ ಬುಶ್ ತೂತಾಗಿ ಪೈಪಿನ ಬಾಯಿ ಆಚೆ ಬಂದಿದೆ! ನಾವು ಇಷ್ಟು ದಿನ ಮೆಚ್ಚಿದ ಸದ್ದು ಅದೇ.

ಇಲ್ಲಿಂದ ನನ್ನ ಸಿಟ್ಟು ಶುರು. ತಂದ ಅಂಗಡಿಗೆ ಹೋದರೆ, ‘ಬುಶ್ ಬೇರೆ ಬರಲ್ಲ ಮೇಡಂ, ಹೊಸದೇ ತಗೊಳ್ಳಿ’ ಅಂದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಕುರ್ಚಿಯ ಬುಶ್ ತಂದು ಹಾಕಿದೆವು, ಸಡಿಲ, ಎರಡೇ ದಿನಕ್ಕೆ ಕಳಚಿ ಬಿತ್ತು. ದಯವಿಟ್ಟು ಈ ಕೆಲಸ ಮಾಡಬೇಡಿ. ಕೊನೆಗೆ ಇನ್ನೊಂದು ಕಡೆ ಸಿಕ್ಕಿತು, ಒಂದಕ್ಕೆ 40 ರೂಪಾಯಿ. ಒಳಗೆ ಬೆರಳು ಹಾಕಿ ನೋಡಿದರೆ ತಳದಲ್ಲಿ ಉಕ್ಕಿನ ವಾಷರ್ ಇದೆ. ಅದಿದ್ದರೆ ಪೈಪಿನ ಅಂಚು ರಬ್ಬರನ್ನು ಕೊರೆಯುವುದಿಲ್ಲ. ನಾಲ್ಕಕ್ಕೆ 160. ಮನೆಮಂದಿಯೆಲ್ಲ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದರೆ ಇದಕ್ಕಿಂತ ಜಾಸ್ತಿ ಆಗುತ್ತದೆ. ಇಷ್ಟನ್ನು ಮೊದಲೇ ಹಾಕಿ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಈ ಒಂದಕ್ಕೇ ಐದರಲ್ಲಿ ಮೂರು ಸ್ಟಾರ್.

ಹೊಸ ಬುಶ್ ಹಾಕಿದ ಮೇಲೆ ಸದ್ದೇ ಇಲ್ಲ. ಅತ್ತೆಗೆ ಅದು ಅನುಕೂಲವಾಯಿತು. ರಾತ್ರಿ ಎರಡಕ್ಕೆ ಒಬ್ಬರೇ ಬಚ್ಚಲಿಗೆ ಹೋಗಿ ಬರತೊಡಗಿದರು. ಕೇಳಿದರೆ, ‘ನಿಮ್ಮನ್ನೆಲ್ಲ ಸುಮ್ನೆ ಯಾಕೆ ಎಬ್ಬಿಸಲಿ?’ ದಾರಿಯಲ್ಲಿ ಬೆಕ್ಕು ಬೇರೆ ಅಡ್ಡ ಮಲಗಿರುತ್ತದೆ. ಓಡಾಡಿದರೆ ತಾನಾಗೇ ಹೊತ್ತಿಕೊಳ್ಳುವ ಲೈಟು ಹಾಕಿಸಿದೆವು, ಬಚ್ಚಲಿಗೆ ಸ್ಕ್ರೂ ಹಾಕಿ ಸ್ಟೀಲ್ ಹಿಡಿ ಕೂರಿಸಿದೆವು, ಕಾಲೊರೆಸುವ ಬಟ್ಟೆಗಳನ್ನೆಲ್ಲ ಎತ್ತಿಟ್ಟೆವು. ಆದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಮಗಳ ಡ್ಯಾನ್ಸ್ ಗೆಜ್ಜೆಯಲ್ಲಿ ನಾಲ್ಕು ಮಣಿ ಬಿಚ್ಚಿ ವಾಕರ್‌ಗೆ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಗೆಜ್ಜೆ ಟೇಬಲ್ ಮೇಲೆ. ‘ನಾನೇನು ಹಸುವೇನೇ, ಗಂಟೆ ಕಟ್ಟೋಕೆ?’ ಅಂದರು. ನಾನೂ ಸುಮ್ಮನಾದೆ.

ಹೋದ ವಾರ ಅಡುಗೆಮನೆಯಲ್ಲಿದ್ದೆ, ನಡುಮನೆಯಿಂದ ಘಲ್ ಘಲ್ ಕೇಳಿಸಿತು. ಹೋಗಿ ನೋಡಿದರೆ ಗೆಜ್ಜೆ ವಾಕರ್ ಮೇಲಿದೆ, ಅವರೇ ಕಟ್ಟಿಕೊಂಡಿದ್ದಾರೆ. ನಾನು ಏನೂ ಕೇಳಲಿಲ್ಲ. ಅವರೇ ಅಂದರು, ‘ಬೆಕ್ಕು ದಾರಿ ಬಿಡಲ್ಲ ಕಣೇ, ಅದಕ್ಕೆ.’