ಹಾಳೆ, ಪರದೆ, ಕಿವಿ: ಹದಿನಾಲ್ಕು ಸಂಪುಟಗಳ ಲೆಕ್ಕ

ಅಕ್ಕನ ಮಗ ‘ದ ವೀಲ್ ಆಫ್ ಟೈಮ್’ ಎಂಬ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿಯ ಮೊದಲ ಮೂರು ಸಂಪುಟಗಳನ್ನು ತಂದು ಮೇಜಿನ ಮೇಲಿಟ್ಟು, “ಚಿಕ್ಕಮ್ಮ, ಒಟ್ಟು ಹದಿನಾಲ್ಕಿವೆ. ನಿಮ್ಮ ಕೆಲಸದ ನಡುವೆ ಇದು ಮುಗಿಯುವ ಮಾತಲ್ಲ” ಎಂದ. ಓದಲು ಕೂತದ್ದು ಆ ಮಾತಿನ ಮೇಲಿನ ಹಟಕ್ಕೆ. ಮುಗಿಸಲು ಎರಡೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಅಚ್ಚಿನ ಪುಸ್ತಕ, ಇ-ರೀಡರ್, ಆಡಿಯೊ ಮೂರನ್ನೂ ಬಳಸಿ ನೋಡಿದ್ದಾಯಿತು.

ನನ್ನದು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ತೆರಿಗೆ ರಿಟರ್ನ್ ಸಲ್ಲಿಸಬೇಕು. ಆ ದಿನಗಳಲ್ಲಿ ಪುಸ್ತಕ ಮುಟ್ಟುವಂತಿಲ್ಲ. ಮಾರ್ಚ್ ತಿಂಗಳನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ಸರಣಿ ಉದ್ದವಾಗಿರುವುದು ನನಗೆ ತೊಂದರೆಯೇ ಆಗಲಿಲ್ಲ. ಕಾಡಿದ್ದು ಮರೆವು. ಹತ್ತು ದಿನ ಬಿಟ್ಟು ಬಂದರೆ ಯಾರು ಯಾರ ಪಕ್ಷ, ಯಾವ ರಾಣಿ ಯಾವ ಊರಿನವಳು, ಒಂದೂ ನೆನಪಿರುತ್ತಿರಲಿಲ್ಲ. ಹಾಗಾಗಿ ಮೂರರಲ್ಲಿ ಯಾವುದು ವಾಸಿ ಎಂದು ನೋಡುವಾಗ ನಾನು ಕೇಳಿಕೊಂಡದ್ದು ಇಷ್ಟೇ: ಬಿಟ್ಟು ಬಂದವಳಿಗೆ ಕತೆಯ ಎಳೆ ಎಷ್ಟು ಬೇಗ ಕೈಗೆ ಸಿಗುತ್ತದೆ?

ಈ ವಿಷಯದಲ್ಲಿ ಅಚ್ಚಿನ ಪುಸ್ತಕಕ್ಕೆ ಸಾಟಿಯಿಲ್ಲ. ಆ ಜಗಳ ಎಡಪುಟದ ಕೆಳಗಿತ್ತು, ಅಲ್ಲೆಲ್ಲೋ ಕಾಫಿಯ ಕಲೆಯಿತ್ತು ಎಂದು ಕೈಗೇ ನೆನಪಿರುತ್ತದೆ. ಮುಂದೆ ನಕ್ಷೆ, ಹಿಂದೆ ಪದಕೋಶ; ಎರಡು ಕಡೆಯೂ ಬೆರಳಿಟ್ಟುಕೊಂಡು ಓದಬಹುದು. ಪದಕೋಶದಲ್ಲಿ ಹೆಸರುಗಳ ಉಚ್ಚಾರಣೆಯನ್ನೂ ಕೊಟ್ಟಿದ್ದಾರೆ. ನಾನು ನೂರಾರು ಪುಟ ‘ಸಿಯುವಾನ್’ ಎಂದುಕೊಂಡು ಬಂದಾಕೆ ‘ಸ್ವಾನ್’ ಎಂದು ತಿಳಿದದ್ದು ಅಲ್ಲೇ. ಆದರೆ ಅಕ್ಷರ ಎಳ್ಳಿನಷ್ಟು, ತೂಕ ಇಟ್ಟಿಗೆಯಷ್ಟು. ರಾತ್ರಿ ಪಾತ್ರೆ ತೊಳೆದು ಮಲಗಿ ಓದತೊಡಗಿದರೆ ಎರಡನೆಯ ಪುಟಕ್ಕೆ ಪುಸ್ತಕ ಮೂಗಿನ ಮೇಲೆ ಬೀಳುತ್ತಿತ್ತು. ಮೆಟ್ರೊದಲ್ಲಿ ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಊಟದ ಚೀಲ. ಪುಸ್ತಕ ಹಿಡಿಯಲು ಮೂರನೆಯ ಕೈ ಬೇಕು. ಮೊದಲ ಮೂರು ಸಂಪುಟಗಳಿಗೇ ಏಳು ತಿಂಗಳು ಹೋದವು.

ನಾಲ್ಕನೆಯದಕ್ಕೆ ಇ-ರೀಡರ್ ಕೊಂಡೆ. ಒಂದು ಕೈಯಲ್ಲಿ ಹಿಡಿಯಬಹುದು, ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತದೆ, ದೀಪ ಆರಿಸಿದ ಮೇಲೂ ಓದಬಹುದು. ಒಟ್ಟು ಮೊತ್ತದಲ್ಲಿ ನೋಡಿದರೆ ಹೆಚ್ಚು ಪುಟ ಮುಗಿದದ್ದು ಇದರಲ್ಲೇ. ಹೆಸರು ಮರೆತರೆ ಹುಡುಕುವ ಸೌಲಭ್ಯವೂ ಇದೆ. ನಾನು ಮೋಸ ಹೋದದ್ದೂ ಅದರಿಂದಲೇ. ಕತೆಯ ಒಬ್ಬಾತ ಹಿಂದೆ ಎಲ್ಲಿ ಬಂದಿದ್ದ ಎಂದು ಹುಡುಕಿದರೆ, ಮುಂದೆ ಎಲ್ಲಿ ಸಾಯುತ್ತಾನೆ ಎಂಬ ಸಾಲನ್ನೂ ಪಟ್ಟಿಯಲ್ಲಿ ಹಾಕಿಕೊಟ್ಟಿತು. ಅವನ ಮೇಲೆ ನನಗೆ ಅಕ್ಕರೆ ಹುಟ್ಟತೊಡಗಿದ್ದ ಹೊತ್ತು ಅದು. ನಕ್ಷೆಯೋ, ಅಂಚೆಚೀಟಿಯಲ್ಲಿ ಕರ್ನಾಟಕ ಬರೆದಂತೆ. ಜೊತೆಗೆ ಎಲ್ಲ ಸಂಪುಟವೂ ಒಂದೇ ತೂಕ, ಒಂದೇ ಬಣ್ಣವಾದ್ದರಿಂದ ಐದರಲ್ಲಿ ನಡೆದದ್ದು ಯಾವುದು, ಆರರಲ್ಲಿ ನಡೆದದ್ದು ಯಾವುದು ಎಂಬುದು ಇಂದಿಗೂ ನನ್ನ ತಲೆಯಲ್ಲಿ ಕಲಸುಮೇಲೋಗರ.

ಆಡಿಯೊ ಪುಸ್ತಕ ಎಂದರೆ ನನಗೆ ತಾತ್ಸಾರವಿತ್ತು. ಅದು ಓದಲ್ಲ, ಸೋಮಾರಿತನ ಎನ್ನುತ್ತಿದ್ದೆ. ಗಮಕ ವಾಚನ ಕೇಳಿ ಬೆಳೆದ ಅಮ್ಮ ನಕ್ಕುಬಿಟ್ಟರು. ಬನಶಂಕರಿಯಿಂದ ಪೀಣ್ಯಕ್ಕೆ ಮೆಟ್ರೊದಲ್ಲಿ ಸುಮಾರು 40 ನಿಮಿಷ, ಹೋಗಿಬರುವುದು 80. ತಿಂಗಳಿಗೆ 22 ದಿನ ಎಂದರೆ 29 ಗಂಟೆ. ಮೊದಲ ಸಂಪುಟದ ಆಡಿಯೊ 30 ಗಂಟೆಯಷ್ಟಿದೆ. ಅಂದರೆ ಕುಳಿತು ಓದಲು ಒಂದು ನಿಮಿಷವನ್ನೂ ತೆಗೆದಿಡದೆ ತಿಂಗಳಿಗೆ ಹತ್ತಿರಹತ್ತಿರ ಒಂದು ಸಂಪುಟ, ರಿಟರ್ನ್ ತುಂಬುವ ವಾರದಲ್ಲೂ! ಓದುವವರು ಮೈಕಲ್ ಕ್ರೇಮರ್ ಮತ್ತು ಕೇಟ್ ರೀಡಿಂಗ್ ದಂಪತಿ. ಗಂಡಸರ ಕಣ್ಣಿನಿಂದ ಸಾಗುವ ಭಾಗಗಳಿಗೆ ಆತನ ದನಿ, ಹೆಂಗಸರದಕ್ಕೆ ಆಕೆಯದು. ದನಿ ಬದಲಾದ ಕೂಡಲೇ ಎಲ್ಲಿದ್ದೇವೆ ಎಂದು ಅರ್ಧ ತಿಳಿಯುತ್ತದೆ.

ಇದರ ನಿಜವಾದ ಬೆಲೆ ಗೊತ್ತಾದದ್ದು ಹತ್ತನೆಯ ಸಂಪುಟದಲ್ಲಿ. 2003ರ ಆ ಪುಸ್ತಕದಲ್ಲಿ ಕತೆ ಆಮೆಯ ಹೆಜ್ಜೆ ಹಾಕುತ್ತದೆ. ಒಂಬತ್ತನೆಯದರ ಕೊನೆಯಲ್ಲಿ ನಡೆದ ಮಹಾಘಟನೆಯನ್ನು ಇಲ್ಲಿ ಒಬ್ಬೊಬ್ಬರಾಗಿ ದೂರದಿಂದ ಗಮನಿಸುತ್ತಾ ಕೂರುತ್ತಾರೆ. ಕೈಯಲ್ಲಿ ಹಿಡಿದಿದ್ದರೆ ಬಿಟ್ಟೇಬಿಡುತ್ತಿದ್ದೆ. ಕಿವಿಯಲ್ಲಿ ಇದ್ದುದರಿಂದ ಬೀನ್ಸ್ ಹೆಚ್ಚುತ್ತಾ ದಾಟಿಸಿದೆ. ಆದರೆ ಒಂದು ಎಚ್ಚರಿಕೆ: ಕೆಲಸದ ನಡುವೆ ಕೇಳಬೇಡಿ. ಬ್ಯಾಂಕ್ ತಾಳೆ ನೋಡುತ್ತಾ ಕೇಳಿದ ದಿನ ಒಂದು ಅಧ್ಯಾಯವೂ ತಲೆಗೆ ಹೋಗಲಿಲ್ಲ, ತಾಳೆಯೂ ಆಗಲಿಲ್ಲ. ಕೇಳಿದ ಹೆಸರಿನ ಕಾಗುಣಿತ ಗೊತ್ತಿಲ್ಲದೆ ಪದಕೋಶದಲ್ಲಿ ಹುಡುಕಲಾಗದೆ ಒದ್ದಾಡಿದ್ದೂ ಉಂಟು.

ಕೊನೆಯ ಮೂರು ಸಂಪುಟಗಳಿಗೆ ಕೈ ಬದಲಾಗಿದೆ. 1990ರಲ್ಲಿ ಸರಣಿ ಆರಂಭಿಸಿದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡರು. ಅವರ ಸಂಪಾದಕಿಯೂ ಆಗಿದ್ದ ಪತ್ನಿ ಹ್ಯಾರಿಯೆಟ್, ಉಳಿದದ್ದನ್ನು ಮುಗಿಸಲು ಬ್ರ್ಯಾಂಡನ್ ಸ್ಯಾಂಡರ್ಸನ್ ಅವರನ್ನು ಆರಿಸಿದರು. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಮುಂದುವರಿಸಿದ್ದನ್ನು ಬಲ್ಲ ನಮಗೆ ಇದು ಹೊಸತೇನಲ್ಲ. ಆದರೂ ಸಾಲುಗಳ ನಡಿಗೆ ಬದಲಾದದ್ದು ಕಿವಿಗೆ ಅಷ್ಟಾಗಿ ತಿಳಿಯಲಿಲ್ಲ, ಕಣ್ಣಿಗೆ ಮೊದಲ ಅಧ್ಯಾಯದಲ್ಲೇ ತಿಳಿಯಿತು. ಓದುವ ದನಿಗಳು ಹಳೆಯವೇ ಆಗಿದ್ದವಲ್ಲ.

2013ರಲ್ಲಿ ಬಂದ ಹದಿನಾಲ್ಕನೆಯದನ್ನು ಮಾತ್ರ ಮತ್ತೆ ಅಚ್ಚಿನಲ್ಲೇ ಓದಿದೆ. ಅದರಲ್ಲಿ ಮಹಾಯುದ್ಧದ ಒಂದೇ ಅಧ್ಯಾಯ ಇನ್ನೂರು ಪುಟದ ಹತ್ತಿರ ಇದೆ. ಮೆಟ್ರೊ ನಿಲ್ದಾಣಕ್ಕೊಂದು ತುಂಡು ಮಾಡಿ ಓದುವಂಥದ್ದಲ್ಲ. 3ಬಿ ಕಳಿಸಿದ ಮರುದಿನ ರಜೆ ಹಾಕಿದೆ. ರಜೆ ಅರ್ಜಿಯಲ್ಲಿ ‘ಮನೆಯಲ್ಲಿ ತುರ್ತು ಕೆಲಸ’ ಎಂದು ಬರೆದೆ.

ಹಾಳೆ ಬಿಟ್ಟು ಬೇರೇನನ್ನೂ ಮುಟ್ಟದ ಅಕ್ಕನ ಮಗ ಹತ್ತನೆಯ ಸಂಪುಟದ ಮಧ್ಯದಲ್ಲೇ ನಿಂತಿದ್ದಾನೆ. ಹಬ್ಬಕ್ಕೆ ಬಂದರೆ ನಾನು ಬಾಯಿ ತೆರೆಯುವ ಮುಂಚೆಯೇ ಎರಡು ಕಿವಿಯನ್ನೂ ಮುಚ್ಚಿಕೊಳ್ಳುತ್ತಾನೆ.